ಹೊರಗ ಹೆಂಗ ಬರೋದ್ರಿ?

ಹತ್ತು ವರ್ಷದ ಹಿಂದಿನ ಮಾತು. ನಮ್ಮ ತಂಡಕ್ಕೆ ಹಾವೇರಿ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಂಜಿನಿಯರಿಂಗ್. ಬೆಂಗಳೂರಿಗೆ ಬಂದು ಆಗಿನ್ನೂ ಮೂರು ವಾರ. ಅವಳಿಗೆ ಕೆಲಸ ಕಲಿಸುವ ಹೊಣೆ ನನ್ನದು. ಕಾಲೇಜಿನಲ್ಲಿ ಎಕ್ಲಿಪ್ಸ್ ಬಳಸಿ ರೂಢಿಯಾಗಿದ್ದವಳಿಗೆ ನಾನು ಮೊದಲ ದಿನವೇ, ‘ಅದನ್ನೆಲ್ಲ ಬಿಡಮ್ಮ, ಇದನ್ನ ಕಲ್ತ್ಕೊ’ ಎಂದು ಕಪ್ಪು ಪರದೆಯಲ್ಲಿ ವಿಮ್ ತೆರೆದುಕೊಟ್ಟು ಮೀಟಿಂಗಿಗೆ ಹೋದೆ. ಮುಕ್ಕಾಲು ಗಂಟೆಯಾದ ಮೇಲೆ ಬಂದು ನೋಡಿದರೆ ಹಾಗೆಯೇ ಕೂತಿದ್ದಾಳೆ. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು. ನನ್ನನ್ನು ಕಂಡು ಮೆಲ್ಲಗೆ ಕೇಳಿದಳು: ‘ಸರ್, ಇದರಾಗಿಂದ ಹೊರಗ ಹೆಂಗ ಬರೋದ್ರಿ?’

ಪಕ್ಕದ ಟೇಬಲ್ಲಿನವರು ನಕ್ಕರು. ನಾನೂ ನಕ್ಕೆ.

ಆ ನಗುವಿಗೆ ನನ್ನಲ್ಲಿ ಆಗ ಒಂದು ಸಮರ್ಥನೆ ಇತ್ತು. ನಮ್ಮ ಕಸುಬಿನಲ್ಲಿ ಇದು ಎಲ್ಲರೂ ಬಲ್ಲ ತಮಾಷೆ. ವಿಮ್‌ನಿಂದ ಹೊರಬರಲು ಎಸ್ಕೇಪ್ ಒತ್ತಿ, ಕೋಲನ್ ಒತ್ತಿ, ಕ್ಯೂ ಒತ್ತಿ, ಎಂಟರ್ ಒತ್ತಬೇಕು. ಬರೆದದ್ದನ್ನು ಉಳಿಸದೆ ಹೊರಡುವುದಾದರೆ ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆಯೂ ಬೇಕು. ಗೊತ್ತಿಲ್ಲದವರು ಎಷ್ಟೇ ಗುದ್ದಾಡಿದರೂ ಬಾಗಿಲು ತೆರೆಯುವುದಿಲ್ಲ. ಮುಂದೆ 2017ರಲ್ಲಿ, ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋ ತಾನೇ ಒಂದು ಲೆಕ್ಕ ಕೊಟ್ಟಿತು: ವಿಮ್‌ನಿಂದ ಹೊರಬರುವುದು ಹೇಗೆ ಎಂಬ ಆ ಒಂದು ಪ್ರಶ್ನೆಯನ್ನು ಜನ 10 ಲಕ್ಷಕ್ಕೂ ಹೆಚ್ಚು ಸಲ ತೆರೆದು ನೋಡಿದ್ದರು. ಅಷ್ಟು ಮಂದಿ ಕೇಳುವ ಪ್ರಶ್ನೆ ದಡ್ಡ ಪ್ರಶ್ನೆಯಾಗಿರಲಾರದು ಎಂದು ಅವತ್ತು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಗುತ್ತಿದ್ದೆನೋ ಏನೋ.

ಈ ಕಸುಬಿನವರಲ್ಲದ ಓದುಗರಿಗಾಗಿ ಒಂದೆರಡು ಮಾತು. ಪ್ರೋಗ್ರಾಮ್ ಎಂದರೆ ಕೊನೆಗೂ ಬರಹವೇ. ಅದನ್ನು ಬರೆಯಲು ಎರಡು ಬಗೆಯ ಸಲಕರಣೆಗಳಿವೆ. ಒಂದು, ಬರಿಯ ಟೆಕ್ಸ್ಟ್ ಎಡಿಟರ್. ಅದರಲ್ಲಿ ಆರಂಭಕ್ಕೆ ಏನೂ ಇರುವುದಿಲ್ಲ, ಆದರೆ ಯಾವ ಕೀಲಿ ಒತ್ತಿದರೆ ಏನಾಗಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ನಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ವಿಮ್ ಮತ್ತು ಈಮ್ಯಾಕ್ಸ್ ಈ ಜಾತಿಯವು. ಇನ್ನೊಂದು, ಐಡಿಇ. ಬರೆಯುವ ಜಾಗ, ತಪ್ಪು ತೋರಿಸುವ ಕೆಂಪು ಗೆರೆ, ಪ್ರೋಗ್ರಾಮನ್ನು ಓಡಿಸುವ ಬಟನ್ನು, ಮುಂದಿನ ಪದ ಸೂಚಿಸುವ ಪಟ್ಟಿ ಎಲ್ಲವೂ ಒಂದೇ ಕಿಟಕಿಯಲ್ಲಿ ಅಣಿಯಾಗಿರುತ್ತವೆ. ಹೋಗಿ ಕೂತರೆ ಸಾಕು. ಎಕ್ಲಿಪ್ಸ್, ವಿಶುವಲ್ ಸ್ಟುಡಿಯೋ ಈ ಕಡೆಯವು. ಯಾವುದು ಮೇಲು ಎಂಬ ಜಗಳ ನಲವತ್ತು ವರ್ಷಗಳಿಂದ ನಡೆದಿದೆ. ಅದರಲ್ಲಿ ಕೂಗಾಟ ಹೆಚ್ಚು, ಆದರೆ ಒಳಗೊಂದು ನಿಜವಾದ ಪ್ರಶ್ನೆಯೂ ಇದೆ. ದಿನಕ್ಕೆ ಎಂಟು ಗಂಟೆ ಕೈಯಲ್ಲಿ ಹಿಡಿಯುವ ಸಲಕರಣೆಯ ಆಕಾರವನ್ನು ಯಾರು ನಿರ್ಧರಿಸಬೇಕು? ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ನಾವು ಏನನ್ನಾದರೂ ಕಳೆದುಕೊಳ್ಳುತ್ತೇವೆಯೆ?

ಎಡಿಟರಿನ ಪಕ್ಷದವನಾದ ನಾನು ವರ್ಷಗಟ್ಟಲೆ ನಂಬಿದ್ದ ಒಂದು ವಿಷಯದಿಂದ ಶುರುಮಾಡುತ್ತೇನೆ: ಕಷ್ಟವೇ ಒಂದು ಬಗೆಯ ಶುದ್ಧಿ ಎಂಬುದು. ವಿಮ್‌ನಲ್ಲಿ ಕರ್ಸರನ್ನು ಆಚೀಚೆ ಸರಿಸಲು ಎಚ್, ಜೆ, ಕೆ, ಎಲ್ ಕೀಲಿಗಳನ್ನು ಬಳಸುತ್ತೇವೆ. ಮೌಸಿಗೆ ಕೈಹಾಕುವುದಿಲ್ಲ, ಬಾಣದ ಕೀಲಿಗಳನ್ನೂ ಮುಟ್ಟುವುದಿಲ್ಲ. ಹೀಗೆ ಮುಟ್ಟದಿರುವುದರಲ್ಲಿ ಒಂದು ಮಡಿ ಇದೆ. ಮಡಿಯವರಿಗೆ ಮೈಲಿಗೆಯವರು ಬೇಕೇಬೇಕು. ನನಗೆ ಆ ಹುಡುಗಿಯ ಎಕ್ಲಿಪ್ಸ್ ಸಿಕ್ಕಿತ್ತು.

ಆದರೆ ಈ ಮಡಿ ಎಲ್ಲಿಂದ ಬಂತು ಎಂದು ನೋಡಿದರೆ ನಗು ಬರುತ್ತದೆ. ವಿಮ್‌ನ ಮೂಲಪುರುಷ ವಿಐ ಎಂಬ ಎಡಿಟರ್. ಅದನ್ನು 1976ರ ಸುಮಾರಿಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದರು. ಅವರು ಬಳಸುತ್ತಿದ್ದ ಎಡಿಎಂ-3ಎ ಎಂಬ ಟರ್ಮಿನಲ್ಲಿನಲ್ಲಿ ಪ್ರತ್ಯೇಕ ಬಾಣದ ಕೀಲಿಗಳೇ ಇರಲಿಲ್ಲ. ಬಾಣದ ಗುರುತುಗಳನ್ನು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅಚ್ಚುಹಾಕಿದ್ದರು. ಈಗ ಕಿರುಬೆರಳನ್ನು ಚಾಚಿ ಹುಡುಕಬೇಕಾದ ಎಸ್ಕೇಪ್ ಕೀಲಿ, ಅಲ್ಲಿ ಇವತ್ತಿನ ಟ್ಯಾಬ್ ಇರುವ ಜಾಗದಲ್ಲಿತ್ತು. ಮನೆಯಿಂದ ಕೆಲಸ ಮಾಡಲು ಅವರಿಗಿದ್ದದ್ದು 300 ಬಾಡ್ ವೇಗದ ಮೋಡೆಮ್, ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಸಾಲಿಗೆ 80 ಅಕ್ಷರದಂತೆ 24 ಸಾಲಿನ ಒಂದು ಪರದೆ ತುಂಬಲು ಒಂದು ನಿಮಿಷಕ್ಕೂ ಮೇಲೆ ಹಿಡಿಯುತ್ತಿತ್ತು. ಇಂಥಲ್ಲಿ ಒಂದೊಂದು ಅಕ್ಷರದ ಆಜ್ಞೆಗಳು ಹುಟ್ಟಿದ್ದು ಸಹಜವೇ. ಬಡತನದಲ್ಲಿ ಹುಟ್ಟಿದ ಮಿತವ್ಯಯ ಅದು. ಆ ತಂತಿಯೂ ಇಲ್ಲ, ಆ ಟರ್ಮಿನಲ್ಲೂ ಇಲ್ಲ. ನಾನು ಮಾತ್ರ ಅದನ್ನು ವ್ರತದ ಹಾಗೆ ನಡೆಸಿಕೊಂಡು ಬರುತ್ತಿದ್ದೆ, ಬೇರೆಯವರೂ ನಡೆಸಬೇಕೆಂದು ಹಟ ಹಿಡಿಯುತ್ತಿದ್ದೆ. (ಅಭ್ಯಾಸವಾದವರಿಗೆ ಆ ಕೀಲಿಗಳು ಇವತ್ತಿಗೂ ಬಹಳ ವೇಗದ್ದೇ. ಅದನ್ನು ಬಿಟ್ಟುಕೊಡಲಾರೆ.)

ಎದುರು ಪಕ್ಷದ ಹುಟ್ಟಿನಲ್ಲಿ ಕರುಣೆಯ ಅಂಶ ಹೆಚ್ಚು. 1983ರಲ್ಲಿ ಬೊರ್ಲ್ಯಾಂಡ್ ಕಂಪನಿ ಟರ್ಬೋ ಪ್ಯಾಸ್ಕಲನ್ನು 49.95 ಡಾಲರಿಗೆ ಮಾರಿತು. ಬರೆಯುವುದಕ್ಕೆ ಒಂದು ಪ್ರೋಗ್ರಾಮ್, ಅದನ್ನು ಯಂತ್ರದ ಭಾಷೆಗೆ ತಿರುಗಿಸಲು ಇನ್ನೊಂದು ಎಂದು ಅಲೆಯುತ್ತಿದ್ದ ಜನಕ್ಕೆ ಎರಡೂ ಒಂದೇ ಕಡೆ ಸಿಕ್ಕವು. ತಪ್ಪಿದ್ದರೆ ಕರ್ಸರ್ ಹೋಗಿ ತಪ್ಪಿನ ಜಾಗದಲ್ಲೇ ನಿಲ್ಲುತ್ತಿತ್ತು. ಅದೇ ಕಂಪನಿಯ ಟರ್ಬೋ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆ ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ಎಷ್ಟು ಕಾಲ ಉಳಿಯಿತೆಂದರೆ, ಜಗತ್ತು ಅದನ್ನು ಮರೆತ ಮೇಲೂ ನಮ್ಮಲ್ಲಿ ಅದರಲ್ಲೇ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು, ಎಸಿಯ ತಂಪಿನಲ್ಲಿ, ಒಂದು ಕಂಪ್ಯೂಟರಿಗೆ ಮೂವರಂತೆ ಕೂತು ಆ ನೀಲಿಯನ್ನು ನೋಡಿದ ಒಂದಿಡೀ ತಲೆಮಾರು ಕರ್ನಾಟಕದಲ್ಲಿದೆ. ನಾನೂ ಅದರಲ್ಲಿ ಒಬ್ಬ. ಕಂಟ್ರೋಲ್ ಮತ್ತು ಎಫ್9 ಒತ್ತಿದರೆ ಪ್ರೋಗ್ರಾಮ್ ಓಡುತ್ತದೆ ಎಂಬಷ್ಟೇ ಗೊತ್ತಿತ್ತು. ಒತ್ತಿದಾಗ ಒಳಗೆ ಏನೇನು ನಡೆಯುತ್ತದೆ ಎಂದು ಕೇಳಬೇಕು ಅನ್ನಿಸಿರಲೂ ಇಲ್ಲ. ಹಾಗೆ ಅನ್ನಿಸದಂತೆ ಮಾಡುವುದೇ ಅದರ ಉಪಕಾರ. ಐಡಿಇ ಮೇಲಿನ ದೂರು ಶುರುವಾಗುವುದೂ ಅಲ್ಲಿಂದಲೇ.

ಈ ದೂರು ಸುಳ್ಳಲ್ಲ. ಆದರೆ ಐಡಿಇ ಏನನ್ನು ಕೊಡುತ್ತದೆ ಎಂಬುದನ್ನು ಎಡಿಟರಿನವರು ಸಾಮಾನ್ಯವಾಗಿ ಕಡಿಮೆ ಮಾಡಿ ಹೇಳುತ್ತಾರೆ. ಒಂದು ಉದಾಹರಣೆ ನೋಡಿ. ನೀವು ಬರೆದ ಕಾದಂಬರಿಯಲ್ಲಿ ರಾಮ ಎಂಬ ಪಾತ್ರದ ಹೆಸರನ್ನು ಭೀಮ ಎಂದು ಬದಲಿಸಬೇಕು. ಬರಿಯ ಎಡಿಟರಿಗೆ ಕಾಣುವುದು ಅಕ್ಷರ ಮಾತ್ರ. ‘ರಾಮ’ ಇದ್ದಲ್ಲೆಲ್ಲ ‘ಭೀಮ’ ಹಾಕು ಎಂದರೆ, ಆರಾಮವಾಗಿ ಕೂತಿದ್ದವನು ‘ಆಭೀಮವಾಗಿ’ ಕೂರುತ್ತಾನೆ, ಅಲ್ಪವಿರಾಮ ಹೋಗಿ ‘ಅಲ್ಪವಿಭೀಮ’ ಬರುತ್ತದೆ. ಒಳ್ಳೆಯ ಐಡಿಇ ಹಾಗೆ ಎಡವುವುದಿಲ್ಲ. ಈ ಹೆಸರು ಎಲ್ಲಿ ಹುಟ್ಟಿತು, ಯಾರ್‍ಯಾರು ಇದನ್ನು ಕರೆಯುತ್ತಾರೆ, ಇನ್ನೊಂದು ಕಡೆ ಇರುವ ಇದೇ ಹೆಸರಿನವನು ಬೇರೆ ಮನುಷ್ಯ ಎಂಬುದೆಲ್ಲ ಅದಕ್ಕೆ ಗೊತ್ತು. ಅಷ್ಟರಮಟ್ಟಿಗೆ ಅದು ಪ್ರೋಗ್ರಾಮನ್ನು ಓದಿಕೊಂಡಿರುತ್ತದೆ. ನಾನು ಒಂದು ಬೆಳಿಗ್ಗೆಯೆಲ್ಲ ಕಣ್ಣಿಟ್ಟು ಮಾಡಿದ ಇಂಥ ಬದಲಾವಣೆಯನ್ನು ಪಕ್ಕದವನು ಎರಡು ಕ್ಲಿಕ್ಕಿನಲ್ಲಿ ಮುಗಿಸಿ ಕಾಫಿಗೆ ಹೋದದ್ದನ್ನು ನೋಡಿದ್ದೇನೆ. ನನ್ನದರಲ್ಲಿ ಎರಡು ಕಡೆ ತಪ್ಪೂ ಉಳಿದಿತ್ತು. 2016ರಲ್ಲಿ ಮೈಕ್ರೋಸಾಫ್ಟ್ ಈ ಅರ್ಥಜ್ಞಾನವನ್ನು ಬೇರೆ ಎಡಿಟರುಗಳೂ ಪಡೆಯಬಲ್ಲ ಒಂದು ಒಪ್ಪಂದದ ಭಾಷೆಯನ್ನು ಹೊರತಂದಿತು. ಈಗ ವಿಮ್‌ಗೂ ಈಮ್ಯಾಕ್ಸಿಗೂ ಆ ವಿದ್ಯೆ ಬಂದಿದೆ. ಗಡಿ ಮಸುಕಾಗಿದೆ. ಜಗಳ ಮಾತ್ರ ನಿಂತಿಲ್ಲ.

ಹಾಗಾದರೆ ತಿದ್ದಿಕೊಳ್ಳಬಲ್ಲ ಎಡಿಟರಿನಲ್ಲಿ ನಿಜಕ್ಕೂ ಉಳಿಸಿಕೊಳ್ಳಬೇಕಾದದ್ದು ಏನಿದೆ? ಇದಕ್ಕೆ ಈಮ್ಯಾಕ್ಸಿನ ಚರಿತ್ರೆ ನೋಡಬೇಕು. ಅದು ಹುಟ್ಟಿದ್ದೂ 1976ರಲ್ಲೇ, ಎಂಐಟಿಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ. ಅಲ್ಲಿನವರೆಲ್ಲ ಟೆಕೋ ಎಂಬ ಹಳೆಯ ಎಡಿಟರಿಗೆ ತಮಗೆ ಬೇಕಾದ ಆಜ್ಞೆಗಳನ್ನು ತಾವೇ ಬರೆದು ಸೇರಿಸಿಕೊಂಡಿದ್ದರು. ಕೊನೆಗೆ ಏನಾಯಿತೆಂದರೆ, ಒಬ್ಬರ ಟರ್ಮಿನಲ್ಲಿನ ಮುಂದೆ ಇನ್ನೊಬ್ಬರು ಕೂತರೆ ಕೈ ಆಡುತ್ತಿರಲಿಲ್ಲ. ಈ ಗೊಂದಲ ಸಾಕಾಗಿ ಗೈ ಸ್ಟೀಲ್ ಎಲ್ಲರ ಆಜ್ಞೆಗಳನ್ನೂ ಒಂದು ಮಾಡಲು ಹೊರಟರು. ರಿಚರ್ಡ್ ಸ್ಟಾಲ್ಮನ್ ಅದನ್ನು ಮುಂದುವರಿಸಿ ಮುಗಿಸಿದರು. ತಿದ್ದಿಕೊಳ್ಳುವ ಸ್ವಾತಂತ್ರ್ಯಕ್ಕೆ ಹೆಸರಾದ ಎಡಿಟರ್ ಹುಟ್ಟಿದ್ದೇ ಮಿತಿಮೀರಿದ ತಿದ್ದುಪಡಿಯಿಂದ ಪಾರಾಗಲು! ಸ್ಟಾಲ್ಮನ್ ಅದನ್ನು ಹಂಚುವಾಗ ಒಂದು ಷರತ್ತೂ ಹಾಕಿದ್ದರು: ನೀವು ಮಾಡಿದ ಸುಧಾರಣೆಗಳನ್ನು ತಿರುಗಿ ಕೊಡಬೇಕು, ಅವು ಎಲ್ಲರಿಗೂ ಸೇರಬೇಕು. ನನ್ನ ಕೈಗೆ ಒಗ್ಗುವಂತೆ ಮಾಡಿಕೊಳ್ಳುವ ಹಕ್ಕು ಮತ್ತು ಪಕ್ಕದವನಿಗೆ ಅದರ ಪಾಲು ಕೊಡುವ ಹೊಣೆ ಅಲ್ಲಿ ಜೊತೆಯಲ್ಲೇ ಇದ್ದವು. ನನ್ನಂಥವರು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟೆವು.

ಸ್ಟಾಲ್ಮನ್ ಒಂದು ಭಾಷಣದಲ್ಲಿ ಹೇಳಿದ ಸಂಗತಿಯೊಂದು ನನ್ನನ್ನು ಬಹಳ ಕಾಡಿದೆ. ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ಬರ್ನಿ ಗ್ರೀನ್‌ಬರ್ಗ್ ಎಂಬವರು ಒಂದು ಈಮ್ಯಾಕ್ಸ್ ಬರೆದಿದ್ದರು. ಅವರ ಆಫೀಸಿನ ಸೆಕ್ರೆಟರಿಗಳೂ ಅದನ್ನು ಬಳಸತೊಡಗಿದರು. ಅದನ್ನು ತಮಗೆ ಬೇಕಾದಂತೆ ಬೆಳೆಸಿಕೊಳ್ಳುವುದು ಹೇಗೆಂದು ಯಾರೋ ಒಂದು ಕೈಪಿಡಿ ಬರೆದುಕೊಟ್ಟಿದ್ದರು. ಆ ಕೈಪಿಡಿಯಲ್ಲಿ ಇದು ಪ್ರೋಗ್ರಾಮಿಂಗ್ ಎಂದು ಎಲ್ಲಿಯೂ ಹೇಳಿರಲಿಲ್ಲ. ಪ್ರೋಗ್ರಾಮಿಂಗ್ ನಮ್ಮಿಂದ ಆಗದು ಎಂದುಕೊಂಡಿದ್ದ ಅವರು ಹೀಗಾಗಿ ಹೆದರಲಿಲ್ಲ. ಓದಿದರು, ಮಾಡಿದರು, ಕಲಿತರು.

ಎಷ್ಟು ಸರಳ. ಅವರ ಮುಂದೆ ಯಾರೂ ಕಪ್ಪು ಪರದೆ ತೆರೆದಿಟ್ಟು ಮೀಟಿಂಗಿಗೆ ಹೋಗಲಿಲ್ಲ. ನಾನು ಅವಳಿಗೆ ಕೊಟ್ಟದ್ದೂ ಅದೇ ಜಾತಿಯ ಸಲಕರಣೆ, ಆದರೆ ಕೈಪಿಡಿ ಕಿತ್ತುಹಾಕಿ ಕೊಟ್ಟಿದ್ದೆ. ತಿದ್ದಿಕೊಳ್ಳಬಹುದು ಎಂಬ ಅನುಮತಿಯೇ ಈ ಎಡಿಟರುಗಳ ಜೀವಾಳ. ನಾನು ಅದನ್ನು ಪ್ರವೇಶ ಪರೀಕ್ಷೆ ಮಾಡಿಬಿಟ್ಟಿದ್ದೆ.

ಇಲ್ಲಿ ಗಾಂಧೀಜಿಯ ಒಂದು ಪ್ರಕಟಣೆ ನೆನಪಾಗುತ್ತದೆ. 1929ರಲ್ಲಿ ಅಖಿಲ ಭಾರತ ಚರಕಾ ಸಂಘ, ಸುಧಾರಿತ ಚರಕಾ ತಯಾರಿಸಿದವರಿಗೆ 1 ಲಕ್ಷ ರೂಪಾಯಿ ಬಹುಮಾನ ಸಾರಿತು. ಷರತ್ತುಗಳನ್ನು ನೋಡಬೇಕು: ಹಳ್ಳಿಯ ಗುಡಿಸಲಲ್ಲಿ ಕೈಯಿಂದಲೋ ಕಾಲಿಂದಲೋ ನಡೆಯಬೇಕು, ಹೆಂಗಸೊಬ್ಬಳು ದಿನಕ್ಕೆ 8 ಗಂಟೆ ಹೆಚ್ಚು ದಣಿಯದೆ ನೂಲುವಂತಿರಬೇಕು, ಬೆಲೆ 150 ರೂಪಾಯಿ ಮೀರಬಾರದು, ರಿಪೇರಿಯ ಖರ್ಚು ಅಲ್ಪವಾಗಿರಬೇಕು. ಸ್ವಾವಲಂಬನೆಯ ಮಾತಾಡಿದ ಮನುಷ್ಯ ಸುಲಭವನ್ನು ಅನುಮಾನದಿಂದ ನೋಡಲಿಲ್ಲ. ದಣಿವೂ ಕಡಿಮೆಯಾಗಬೇಕು, ಹಿಡಿತವೂ ನೂಲುವವಳ ಕೈಯಲ್ಲೇ ಇರಬೇಕು ಎಂದು ಎರಡನ್ನೂ ಒಟ್ಟಿಗೆ ಕೇಳಿದರು. ಆ ಬಹುಮಾನ ಯಾರಿಗೂ ದಕ್ಕಲಿಲ್ಲ. ಬಹುಶಃ ನಮ್ಮ ಜಗಳವೂ ಅದೇ ದಕ್ಕದ ಬಹುಮಾನದ ಸುತ್ತ ನಡೆಯುತ್ತಿದೆ.

ಹಿಡಿತ ಯಾರ ಕೈಯಲ್ಲಿದೆ ಎಂಬುದು ಬರಿಯ ತತ್ವದ ಮಾತೇನೂ ಆಗಿ ಉಳಿದಿಲ್ಲ. ಗಿಟ್‌ಹಬ್ ಕಂಪನಿಯ ಆಟಮ್ ಎಂಬ ಎಡಿಟರನ್ನು ಬಹಳ ಜನ ಮೆಚ್ಚಿದ್ದರು. ಸುಂದರವಾಗಿತ್ತು, ಬೇಕಾದಂತೆ ತಿದ್ದಿಕೊಳ್ಳಬಹುದಿತ್ತು. ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡಿತು. 2022ರ ಡಿಸೆಂಬರಿನಲ್ಲಿ ಆಟಮ್‌ಗೆ ಬಾಗಿಲು ಹಾಕಿತು. ವಿಮ್ ಬರೆದ ಬ್ರಾಮ್ ಮೂಲೆನಾರ್ 2023ರ ಆಗಸ್ಟಿನಲ್ಲಿ ತೀರಿಕೊಂಡರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಸಾಕಿದ್ದವರು; ಅದಕ್ಕೆ ದುಡ್ಡು ಕೊಡಬೇಕೆನಿಸಿದರೆ ಉಗಾಂಡದ ಮಕ್ಕಳಿಗೆ ಕೊಡಿ ಎಂದು ಕೇಳುತ್ತಿದ್ದವರು. ಅವರು ಹೋದ ಮೇಲೂ ವಿಮ್ ನಡೆಯುತ್ತಿದೆ, ಬೇರೆಯವರು ಕೈಗೆತ್ತಿಕೊಂಡರು. ಆ ವಾರ ನಾನು ಪ್ರತಿ ಸಲ ಫೈಲ್ ತೆರೆಯುವಾಗಲೂ ಅವರ ನೆನಪಾಯಿತು. ಆಯುಧಪೂಜೆಯ ದಿನ ಆಫೀಸಿನಲ್ಲಿ ಮಾನಿಟರಿನ ಅಂಚಿಗೆ ಕುಂಕುಮ ಹಚ್ಚುತ್ತೇವಲ್ಲ, ಅದು ನಿಜವಾಗಿ ಸಲ್ಲಬೇಕಾದದ್ದು ಒಳಗಿರುವ ಇಂಥದ್ದಕ್ಕೆ.

ಇಷ್ಟಾದ ಮೇಲೂ ನನ್ನ ಪಕ್ಷಕ್ಕೆ ಒಂದು ಸೋಲನ್ನು ಒಪ್ಪಿಸಬೇಕು. ಟರ್ಮಿನಲ್ ಎಂಬ ಆ ಕಪ್ಪು ಪರದೆ ಚೌಕಗಳ ಹಾಳೆ. ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಇಂಗ್ಲಿಷಿನ ಲೆಕ್ಕದಲ್ಲಿ ಕಟ್ಟಿದ್ದು. ಅದರಲ್ಲಿ ಕನ್ನಡ ತೆರೆದರೆ ಒತ್ತಕ್ಷರ ತನ್ನ ಅಕ್ಷರವನ್ನು ಬಿಟ್ಟು ಪಕ್ಕದ ಮನೆಗೆ ಹೋಗಿ ಕೂರುತ್ತದೆ, ಕೊಂಬು ಒಂದು ಕಡೆ, ದೀರ್ಘ ಇನ್ನೊಂದು ಕಡೆ, ಕರ್ಸರ್ ಮತ್ತೆಲ್ಲೋ. ಏನನ್ನು ಬೇಕಾದರೂ ತಿದ್ದಿಕೊಳ್ಳಬಹುದು ಎಂದು ಊರಿಗೆಲ್ಲ ಸಾರಿದ ನಾನು ಇದನ್ನು ಈವರೆಗೆ ಸರಿಮಾಡಲಾಗಿಲ್ಲ. ಅದು ನನ್ನ ವಿದ್ಯೆಗೆ ಮೀರಿದ್ದು. ಮೌಸಿನವರ ಕಿಟಕಿಯಲ್ಲಿ ‘ರಾಷ್ಟ್ರಕೂಟ’ ಏನೂ ಮಾಡದೆ ನೆಟ್ಟಗೆ ಮೂಡುತ್ತದೆ. ಈ ಲೇಖನವನ್ನು ನಾನು ವಿಮ್‌ನಲ್ಲಿ ಬರೆದಿಲ್ಲ ಎಂದು ಹೇಳಲು ಸ್ವಲ್ಪ ಸಂಕೋಚವೇ. ಈಮ್ಯಾಕ್ಸ್ ಈ ವಿಷಯದಲ್ಲಿ ವಾಸಿ. ಅದರಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ ಮತ್ತೊಮ್ಮೆ ಎಚ್ ಒತ್ತಿದರೆ ಲೋಕದ ಹಲವು ಭಾಷೆಗಳ ನಮಸ್ಕಾರಗಳ ಪಟ್ಟಿ ಬರುತ್ತದೆ, ಅದರಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. ಯಾರೋ ಒಬ್ಬರು ಕೂತು ಸೇರಿಸಿದ ಸಾಲು ಅದು.

ಹುಡುಗಿಯ ಕಥೆ ಅರ್ಧಕ್ಕೆ ನಿಂತಿತ್ತು. ನಾನಿರುವಾಗ ವಿಮ್ ತೆರೆದಿಟ್ಟುಕೊಂಡು, ನಾನು ಎದ್ದು ಹೋದ ಮೇಲೆ ಎಕ್ಲಿಪ್ಸಿನಲ್ಲಿ ಕೆಲಸ ಮಾಡುತ್ತಿದ್ದಳು. ಅದು ನನಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಗೊತ್ತಾದಾಗ ಸಿಟ್ಟು ಬಂತು, ನಾಚಿಕೆ ಬರಲಿಲ್ಲ. ಎರಡು ತಿಂಗಳಿಗೆ ಬೇರೆ ತಂಡ ಕೇಳಿ ಹೋದಳು. ಹೋಗುವಾಗ ಕೊಟ್ಟ ಕಾರಣದಲ್ಲಿ ನನ್ನ ಹೆಸರಿರಲಿಲ್ಲ.

ಕಳೆದ ವರ್ಷ ಅವಳೇ ಫೋನ್ ಮಾಡಿದಳು. ಈಗ ಬೇರೆ ಕಂಪನಿಯಲ್ಲಿ ಒಂದು ತಂಡದ ಲೀಡ್. ಹೊಸದಾಗಿ ಸೇರಿದ ನಾಲ್ವರನ್ನು ಅಣಿಮಾಡುತ್ತಿದ್ದಳು. ನನ್ನಿಂದ ಏನೋ ಹಳೆಯ ಸಂಗತಿ ತಿಳಿಯಬೇಕಿತ್ತು. ಮಾತಾಡುತ್ತ ತನ್ನ ಪರದೆ ತೋರಿಸಿದಳು: ವಿಶುವಲ್ ಸ್ಟುಡಿಯೋ ಕೋಡ್, ಮೌಸು, ಬಣ್ಣ ಬಣ್ಣದ ಗುಂಡಿಗಳು. ಅದರಲ್ಲಿ ಅವಳೇ ಬರೆದು ಸೇರಿಸಿದ ಒಂದು ಚಿಕ್ಕ ಸಂಗತಿ ಇತ್ತು. ಹುಡುಗರಿಗೆ ಮತ್ತೆ ಮತ್ತೆ ಬರುವ ತಪ್ಪಿನ ಸಂದೇಶಗಳ ಮೇಲೆ ಕರ್ಸರ್ ಇಟ್ಟರೆ, ಕಂಪ್ಯೂಟರಿನ ಒರಟು ಇಂಗ್ಲಿಷಿನ ಕೆಳಗೆ ಅವಳ ಟಿಪ್ಪಣಿ ಮೂಡುತ್ತದೆ. ಒಂದೆರಡು ಕನ್ನಡದಲ್ಲೇ ಇದ್ದವು: ‘ಇದು ಬಂದ್ರ ಗಾಬರಿ ಆಗಬ್ಯಾಡ್ರಿ, ಮೊದಲ ಫೈಲ್ ಹೆಸರು ನೋಡ್ರಿ.’ ಒತ್ತಕ್ಷರಗಳು ಅಚ್ಚುಕಟ್ಟಾಗಿದ್ದವು.

ಅವತ್ತು ನಕ್ಕದ್ದು ತಪ್ಪಾಯಿತು ಎಂದೆ. ‘ಯಾವತ್ತರೀ ಸರ್?’ ಎಂದಳು. ನಿಜಕ್ಕೂ ಮರೆತಿದ್ದಳೋ, ನನ್ನ ಮರ್ಯಾದೆ ಉಳಿಸಿದಳೋ ತಿಳಿಯಲಿಲ್ಲ. ಬಿಡಿಸಿ ಹೇಳುವ ಧೈರ್ಯವೂ ಬರಲಿಲ್ಲ. ಆಮೇಲೆ ಅವಳೇ ಕೇಳಿದಳು: ‘ನಿಮ್ಮ ವಿಮ್ ಫೈಲ್ ಕಳಸ್ರಿ ಸರ್, ನಮ್ಮ ಹುಡುಗರು ನೋಡ್ಲಿ, ಹಿಂಗೂ ಮಾಡ್ಕೋಬಹುದು ಅಂತ.’

ನನ್ನ ಎಲ್ಲ ತಿದ್ದುಪಡಿಗಳನ್ನೂ ಬರೆದಿಟ್ಟ ಫೈಲ್ ಅದು. ಹದಿನೆಂಟು ವರ್ಷದ ಗಳಿಕೆ, ಸಾವಿರದ ನಾನೂರು ಸಾಲು. ಹಾಗೆಯೇ ಕಳಿಸಲು ಮನಸ್ಸಾಗದೆ ಒಂದು ಭಾನುವಾರ ಕೂತು ಓದಿದೆ. ಮುನ್ನೂರು ಸಾಲು ಏತಕ್ಕೆಂದು ನನಗೇ ತಿಳಿಯಲಿಲ್ಲ. ಎಲ್ಲಿಂದಲೋ ನಕಲು ಮಾಡಿದ್ದು, ಯಾವುದೋ ಹಳೆಯ ಕಂಪ್ಯೂಟರಿನ ಯಾವುದೋ ರೋಗಕ್ಕೆ ಹಾಕಿದ ಔಷಧಿ. ಒಂದೊಂದಾಗಿ ಅಳಿಸಿದೆ. ಏನೂ ಬದಲಾಗಲಿಲ್ಲ. ಉಳಿದ ಸಾಲುಗಳ ಪಕ್ಕದಲ್ಲಿ ಇದು ಏನು, ಯಾಕೆ ಎಂದು ಒಂದೊಂದು ಮಾತು ಬರೆಯುತ್ತ ಹೋದೆ. ಆ ಕೆಲಸ ಇನ್ನೂ ಮುಗಿದಿಲ್ಲ, ಇನ್ನೂರರ ಹತ್ತಿರ ಇದ್ದೇನೆ. ಫೈಲಿನ ತಲೆಯ ಮೇಲೆ ಮಾತ್ರ ಮೊದಲೇ ಒಂದು ಸಾಲು ಬರೆದಿಟ್ಟಿದ್ದೇನೆ: ಹೊರಗೆ ಬರಲು ಎಸ್ಕೇಪ್, ಕೋಲನ್, ಕ್ಯೂ, ಎಂಟರ್.